ಅವಳ ಬೆನ್ನು, ಅವನ ಮೇಜು

“ಮೇಜು ಎಷ್ಟೆತ್ತರ ಬೇಕು ಮೇಡಂ?”

“ಕೂತಾಗ ನನ್ನ ಕಂಕುಳವರೆಗೆ ಬರ್ಬೇಕು.”

ಟೇಪನ್ನು ಅರ್ಧಕ್ಕೆ ಎಳೆದಿದ್ದ ಬಡಗಿ ಹಾಗೇ ನಿಂತುಬಿಟ್ಟ. ಈ ಹೆಂಗಸು ತನ್ನನ್ನು ಆಟ ಆಡಿಸುತ್ತಿದ್ದಾಳೆ ಎಂದೇ ಅವನು ತಿಳಿದ. ಊಟದ ಮೇಜು ಗೊತ್ತು, ಓದುವ ಮೇಜು ಗೊತ್ತು. ಕಂಕುಳಿಗೆ ಬರುವ ಮೇಜನ್ನು ಹದಿನೈದು ವರ್ಷದ ಕಸುಬಿನಲ್ಲಿ ಅವನು ಕಂಡಿರಲಿಲ್ಲ.

“ಕಂಕುಳು ಅಂದ್ರೆ, ಇದೇ ಕಂಕುಳಾ?” ಎಂದು ತನ್ನ ತೋಳೆತ್ತಿ ತೋರಿಸಿದ.

“ಯಾಕೆ, ನಿಮ್ಮ ಕಡೆ ಬೇರೆ ಎಲ್ಲಾದ್ರೂ ಇರುತ್ತಾ?”

ಅಂಗಡಿಯ ಮುಂದಿನ ಕೌಂಟರಿನಲ್ಲಿ ಕೂತಿದ್ದ ಅವಳ ಅತ್ತಿಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಬಡಗಿಯ ಕಿವಿ ಕೆಂಪಾಯಿತು. ಕಿವಿಯ ಮೇಲಿದ್ದ ಪೆನ್ಸಿಲ್ ಕೆಳಗೆ ಬಿತ್ತು.

ವಾಚು ರಿಪೇರಿ ಮಾಡುವವರ ಮೇಜು ಅಷ್ಟೆತ್ತರವೇ ಇರಬೇಕು. ಮೊಣಕೈ ಎರಡೂ ಮೇಜಿನ ಮೇಲೆ ಊರಿದರೆ ಕೈ ನಡುಗುವುದಿಲ್ಲ, ಅಕ್ಕಿಯ ನುಚ್ಚಿಗಿಂತ ಸಣ್ಣ ಸ್ಕ್ರೂ ಕಣ್ಣಿನ ಹತ್ತಿರಕ್ಕೆ ಬರುತ್ತದೆ. ಅವಳು ಕೂರುತ್ತಿದ್ದದ್ದು ಅಪ್ಪ ಬಿಟ್ಟುಹೋದ ಮೇಜಿನ ಮುಂದೆ. ಅಪ್ಪ ಗಿಡ್ಡ, ಮಗಳು ಉದ್ದ. ಹನ್ನೆರಡು ವರ್ಷ ಆ ತಗ್ಗು ಮೇಜಿಗೆ ಬಗ್ಗಿ ಬಗ್ಗಿ ಅವಳ ಬೆನ್ನು ಮೂವತ್ತೆರಡಕ್ಕೇ ಮುದುಕಿಯ ಬೆನ್ನಾಗಿತ್ತು. ಹಾಗಂತ ಎಲ್ಲರೂ ಹೇಳುತ್ತಿದ್ದರು. ನಿಜವಾದ ಕಾರಣ ಅವಳೊಬ್ಬಳಿಗೆ ಗೊತ್ತಿತ್ತು.

“ಒಂದ್ಸಲ ಕೂತು ತೋರಿಸಿ ಮೇಡಂ, ಕೆಲಸ ಮಾಡೋ ಥರಾನೇ,” ಎಂದ ಬಡಗಿ.

ಅವಳು ಕೂತಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಿಮಟ ಹಿಡಿದಳು. ಅವಳ ಎದೆ ದೊಡ್ಡದು, ಭಾರ. ಹದಿನಾಲ್ಕನೆಯ ವಯಸ್ಸಿನಿಂದ ಅವಳನ್ನು ನೋಡಿದವರ ಕಣ್ಣು ಮುಖಕ್ಕೆ ಬರುವ ಮೊದಲು ಅಲ್ಲಿ ಇಳಿದೇ ಬರುತ್ತಿತ್ತು. ಈ ಗಂಡಸಿನ ಕಣ್ಣೂ ಈಗ ಎಲ್ಲಿ ಹೋಗುತ್ತದೆಂದು ಅವಳು ಓರೆಗಣ್ಣಿನಲ್ಲಿ ಕಾದಳು. ಅದು ಮೇಜಿನ ಅಂಚಿಗೆ ಹೋಯಿತು. ಅಂಚಿಗೂ ಅವಳ ಕುರ್ಚಿಗೂ ನಡುವಿನ ಜಾಗಕ್ಕೆ ಹೋಯಿತು. ಅಲ್ಲಿಂದ ಅವಳ ಕತ್ತಿನ ಹಿಂಭಾಗಕ್ಕೆ ಹೋಗಿ ನಿಂತಿತು.

“ದೂರ ಕೂತ್ಕೊಂಡು ಕತ್ತು ಮುಂದಕ್ಕೆ ಚಾಚ್ತೀರಲ್ಲ, ಅದಕ್ಕೇ ನೋಯೋದು.”

“ಹತ್ತಿರ ಕೂರೋಕಾಗಲ್ಲ,” ಎಂದಳು ಅವಳು, ಇನ್ನೊಂದು ಪ್ರಶ್ನೆ ಕೇಳಿದರೆ ಜಾಗ್ರತೆ ಎನ್ನುವ ದನಿಯಲ್ಲಿ.

ಅವನು ಕೇಳಲಿಲ್ಲ. ಕೆಳಗೆ ಬಿದ್ದ ಪೆನ್ಸಿಲ್ ಎತ್ತಿಕೊಂಡು ತನ್ನ ಅಂಗೈ ಮೇಲೆ ಏನೋ ಗೀಚಿಕೊಂಡು ಹೋದ.

ಎಂಟು ದಿನ ಕಳೆದು ಮೇಜು ಬಂತು. ಎತ್ತರ ಹೇಳಿದಷ್ಟೇ ಇತ್ತು. ಆದರೆ ಮುಂದಿನ ಅಂಚು ನೇರವಾಗಿರಲಿಲ್ಲ, ನಡುವೆ ಅರ್ಧಚಂದ್ರದಂತೆ ಒಳಕ್ಕೆ ಕೊರೆದಿತ್ತು. ಕೊರೆದ ಅಂಚನ್ನು ಕೆನ್ನೆ ಇಟ್ಟರೂ ಗೀರಾಗದಷ್ಟು ನುಣುಪಾಗಿ ಉಜ್ಜಿದ್ದ. ಅವಳು ಕುರ್ಚಿ ಎಳೆದುಕೊಂಡು ಆ ಬಾಗಿನೊಳಗೆ ಸೇರಿ ಕೂತಳು. ಎರಡೂ ಮೊಣಕೈಗೆ ಎರಡು ಕಡೆ ಮರ ಸಿಕ್ಕಿತು. ಕೆಲಸ ತಾನಾಗಿ ಕಣ್ಣಿನ ಹತ್ತಿರ ಬಂತು. ಕತ್ತು ನೆಟ್ಟಗೇ ಇತ್ತು. ಜನ ಇಷ್ಟು ವರ್ಷ ಅವಳಿಗೇ ಸರಿಯಾಗಿ ಕೂರು, ಬಗ್ಗಬೇಡ, ಸಣ್ಣಗಾಗು ಎಂದಿದ್ದರು. ಮೇಜಿಗೆ ಸ್ವಲ್ಪ ಜರುಗು ಎಂದು ಯಾರೂ ಹೇಳಿರಲಿಲ್ಲ.

“ಹೀಗೆ ಕೊರೀಬೇಕು ಅಂತ ನಿಮಗೆ ಯಾರು ಹೇಳಿದ್ದು?”

“ಮರ ಹೇಳ್ತು.”

“ನಿಮ್ಮ ಮರ ತುಂಬಾ ಮಾತಾಡುತ್ತೆ.”

“ನನಗಿಂತ ಜಾಸ್ತಿ,” ಎಂದು ಅವನು ನಕ್ಕ. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಮೊದಲು ಮುಚ್ಚಿಕೊಳ್ಳುತ್ತಿತ್ತು. ಅದನ್ನು ಗಮನಿಸಿದ ಕ್ಷಣಕ್ಕೇ ಅವಳು ಕೆಟ್ಟಳು.

ಆಮೇಲೆ ಮೇಜಿನ ಕಾಲು ಅಲ್ಲಾಡುತ್ತಾ ನೋಡಿ ಹೋಗೋಣ ಎಂದು ಬಂದ. ಪಾಲಿಶ್ ಒಣಗಿತಾ ಎಂದು ಬಂದ. ಒಂದು ದಿನ ನಿಂತೇಹೋಗಿದ್ದ ತನ್ನ ವಾಚು ತಂದ. ಅದರೊಳಗೆ ಅರ್ಧ ಚಮಚ ಮರದ ಹೊಟ್ಟಿತ್ತು.

“ಆ ಮೇಜಿಗೇನು ಹೆರಿಗೆ ಆಗಿದ್ಯಾ, ದಿನಾ ಬಂದು ನೋಡ್ಕೊಂಡು ಹೋಗ್ತಾನಲ್ಲ?” ಎಂದಳು ಅತ್ತಿಗೆ.

“ಸುಮ್ನಿರಿ ಅತ್ತಿಗೆ.”

“ನಾನು ಸುಮ್ನೇ ಇದೀನಮ್ಮ. ನಿನ್ನ ಮುಖಾನೇ ಸುಮ್ನಿಲ್ಲ.”

ಮುಖ ಸುಮ್ಮನಿರಲಿಲ್ಲ ನಿಜ. ಸಂಜೆ ಅಂಗಡಿ ಮುಚ್ಚಿ ಅವಳು ಎರಡು ಬೀದಿ ಸುತ್ತಿಕೊಂಡು ಮನೆಗೆ ಹೋಗತೊಡಗಿದಳು. ಸುತ್ತುದಾರಿಯಲ್ಲಿ ಅವನ ಕಾರ್ಖಾನೆ ಇತ್ತು. ಮೇಡಂ ಹೋಗಿ ‘ಟಿಕ್ಕು’ ಆಯಿತು, ನೀವು ಹೋಗಿ ನೀನು ಆಯಿತು. ಅವಳು ಬರುವ ಹೊತ್ತಿಗೆ ಅವನು ಮುಖ ತೊಳೆದು ನಿಂತಿರುತ್ತಿದ್ದ. ಆದರೂ ಹುಬ್ಬಿನ ಮೇಲೆ ಮರದ ಪುಡಿ ಇರುತ್ತಿತ್ತು. ಅದನ್ನು ಊದಿ ಹಾರಿಸುವುದು ಅವಳ ಹಕ್ಕಾಗಿಬಿಟ್ಟಿತು.

“ಬೇಕಂತಲೇ ಉಳಿಸ್ಕೋತೀಯಾ?”

“ಹೂಂ. ಇಲ್ಲಾಂದ್ರೆ ನೀನು ಇಷ್ಟು ಹತ್ತಿರ ಯಾಕೆ ಬರ್ತೀಯಾ?”

ಮೇಜಿನಿಂದ ಕತ್ತಿಗೆ ಸುಖವಾಯಿತು. ಬೆನ್ನಿಗೆ ಆಗಲಿಲ್ಲ. ಎದೆಯ ಭಾರಕ್ಕೆ ಬ್ರಾ ಪಟ್ಟಿ ಎರಡೂ ಭುಜದಲ್ಲಿ ಬೆರಳು ಹೂತುಹೋಗುವಷ್ಟು ಗೆರೆ ಕೊರೆದಿತ್ತು. ಸೆಕೆಗಾಲದಲ್ಲಿ ಎದೆಯ ಕೆಳಗೆ ಚರ್ಮ ಕಿತ್ತು ಉರಿಯುತ್ತಿತ್ತು. ಸಾಯಂಕಾಲದ ಹೊತ್ತಿಗೆ ಬೆನ್ನಿನ ನಡುವೆ ಯಾರೋ ಮೊಳೆ ಹೊಡೆದು ಮರೆತುಹೋದ ಹಾಗಾಗುತ್ತಿತ್ತು. ಇದಿಷ್ಟನ್ನೂ ಅವಳು ಹಲ್ಲು ಕಚ್ಚಿ ಸಹಿಸಿದ್ದಳು. ಆದರೆ ಒಂದು ಬೆಳಿಗ್ಗೆ ಎಡಗೈಯ ಕಿರುಬೆರಳು ಜೋಮು ಹಿಡಿದು, ಹಿಡಿದ ಸ್ಪ್ರಿಂಗು ಚಿಮಟದಿಂದ ಹಾರಿಹೋಯಿತು. ಮರುವಾರ ಮತ್ತೆ ಹಾಗೇ ಆಯಿತು. ವಾಚಿನವಳ ಬೆರಳು ಹೋದರೆ ಉಳಿಯುವುದು ಏನು? ಅವಳು ಹೆದರಿ, ಯಾರಿಗೂ ಹೇಳದೆ, ದೊಡ್ಡಾಸ್ಪತ್ರೆಗೆ ಹೋದಳು.

ಡಾಕ್ಟರಮ್ಮ ಎಕ್ಸ್‌ರೇ ನೋಡಿ, ಭುಜದ ಗೆರೆ ನೋಡಿ, ಸುತ್ತಿ ಬಳಸದೆ ಹೇಳಿದರು: “ವ್ಯಾಯಾಮ ಮಾಡಿದೀರಿ, ಬೆಲ್ಟ್ ಹಾಕಿದೀರಿ, ಮೇಜೂ ಬದಲಾಯಿಸಿದೀರಿ. ಭಾರ ಅಲ್ಲೇ ಇದೆ. ಅದನ್ನ ಆಪರೇಷನ್ ಮಾಡಿ ಕಡಿಮೆ ಮಾಡಬಹುದು. ಎದೆ ಚಿಕ್ಕದಾಗುತ್ತೆ, ಗಾಯದ ಗುರುತು ಉಳಿಯುತ್ತೆ, ಮುಂದೆ ಮಗುವಿಗೆ ಹಾಲುಣಿಸೋದು ಕಷ್ಟ ಆದರೂ ಆಗಬಹುದು. ಆತುರ ಬೇಡ, ಯೋಚನೆ ಮಾಡಿ ಬನ್ನಿ.”

ಅವಳು ಎರಡು ತಿಂಗಳು ಯೋಚನೆ ಮಾಡಿದಳು. ಇದು ಹೇಳಿಕೊಳ್ಳುವ ಕಾಯಿಲೆಯೂ ಅಲ್ಲ. ಅತ್ತಿಗೆಗೆ ಹೇಳುವ ಮಾತೇ ಇಲ್ಲ ಎಂದುಕೊಂಡಳು. ಒಮ್ಮೆ ಬೆನ್ನಿನ ಮೇಲೆ ಗುಳ್ಳೆ ಎದ್ದಿದೆ ಎಂದು ಅತ್ತಿಗೆಯ ಹತ್ತಿರ ಬಾಯಿ ಬಿಟ್ಟಿದ್ದಕ್ಕೆ, ಸಂಜೆಯೊಳಗೆ ಮೂರನೆಯ ಮನೆಯವರು ಪೌಡರ್ ಡಬ್ಬ ಹಿಡಿದು ಬಂದಿದ್ದರು. ಕೊನೆಗೆ ಅವಳು ಹೇಳಿದ್ದು ಅವನೊಬ್ಬನಿಗೆ, ಕಾರ್ಖಾನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು, ಅವನ ಮುಖ ನೋಡದೆ, ಮೊಣಕಾಲಿನ ಮೇಲಿದ್ದ ಮರದ ಸಿಪ್ಪೆಯನ್ನು ಚೂರು ಚೂರು ಮಾಡುತ್ತಾ.

ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದ, ಮತ್ತೆ ತೆಗೆದ.

“ಏನಾದ್ರೂ ಹೇಳೋ.”

“ತುಂಬಾ ನೋಯುತ್ತಾ ದಿನಾ?”

“ದಿನಾ.”

“ಹಾಗಾದ್ರೆ ನನ್ನೇನು ಕೇಳೋದು? ನಿನ್ನ ಬೆನ್ನು, ನಿನ್ನ ಇಷ್ಟ. ನಾನಿದೀನಲ್ಲ.”

ಅವಳು ಆಗ ಅವನ ಕಡೆ ತಿರುಗಿದಳು. ಅವನು ಅವಳ ಕಣ್ಣನ್ನೇ ನೋಡುತ್ತಿದ್ದ, ಬೇರೆಲ್ಲೂ ಅಲ್ಲ. ಅವಳು ಅವನ ಭುಜಕ್ಕೆ ಹಣೆ ಒತ್ತಿದಳು. ನಾನಿದೀನಲ್ಲ ಎನ್ನುವುದೊಂದು ಮಾತಿಗೆ ಅವಳು ಅಷ್ಟು ವರ್ಷ ಕಾದಿದ್ದಳು ಎಂಬುದು ಅವಳಿಗೂ ಅವತ್ತೇ ಗೊತ್ತಾದದ್ದು.

ಆಸ್ಪತ್ರೆಯ ಫಾರಂ ತುಂಬುವಾಗ ಫೋನ್ ನಂಬರಿನ ಜಾಗದಲ್ಲಿ ಅವಳ ಪೆನ್ನು ನಿಂತಿತು. ಕೆಲಸದ ಹೊತ್ತಿನಲ್ಲಿ ಅವಳು ಫೋನ್ ಮುಟ್ಟುವುದಿಲ್ಲ. ಫೋನಿನೊಳಗಿನ ಅಯಸ್ಕಾಂತ ವಾಚಿನ ಕೂದಲೆಳೆಯ ಸ್ಪ್ರಿಂಗಿಗೆ ತಗುಲಿದರೆ ವಾಚು ಹುಚ್ಚು ಹಿಡಿದ ಹಾಗೆ ಓಡುತ್ತದೆ. ಅದಕ್ಕೇ ಬೆಳಿಗ್ಗೆ ಬಂದ ತಕ್ಷಣ ಫೋನನ್ನು ಆಫ್ ಮಾಡಿ ಹಿಂದಿನ ಕೋಣೆಯ ತಗಡಿನ ಡಬ್ಬಿಯಲ್ಲಿ ಹಾಕಿ, ಸಂಜೆ ಹೊರಡುವಾಗ ತೆಗೆಯುವುದು ಅಪ್ಪನ ಕಾಲದ ಶಿಸ್ತು. ಆಸ್ಪತ್ರೆಯವರು ಫೋನ್ ಮಾಡುವುದು ಹಗಲಲ್ಲೇ. ಅಂಗಡಿಯ ನಂಬರು ಕೊಟ್ಟರೆ ಎತ್ತುವವಳು ಅತ್ತಿಗೆ. ಅವಳು ಬಡಗಿಯ ನಂಬರು ಬರೆದಳು. ಬರೆಯುವಾಗ ಒಂಥರಾ ಖುಷಿಯೂ ಆಯಿತು.

“ಮೂರು ವಾರದಲ್ಲಿ ಡೇಟ್ ಹೇಳ್ತಾರಂತೆ. ಫೋನ್ ಬಂದ್ರೆ ಹೂಂ ಅಂದ್ಬಿಡು, ಆಯ್ತಾ?”

“ಆಯ್ತು ಟಿಕ್ಕು.”

ಆ ಮೂರು ವಾರ ಅವನಷ್ಟು ಒಳ್ಳೆಯವನು ಭೂಮಿಯ ಮೇಲಿರಲಿಲ್ಲ. ಸಂಜೆ ಬಿಸಿನೀರಿನ ಚೀಲ ತುಂಬಿಸಿ ಇಟ್ಟಿರುತ್ತಿದ್ದ. ಭುಜದ ಗೆರೆಯ ಪಕ್ಕದಲ್ಲಿ ಹೆಬ್ಬೆರಳು ಇಟ್ಟು, ಮರದ ಗಂಟನ್ನು ಸವರುವ ಹಾಗೆ, ಮೆಲ್ಲಗೆ ಒತ್ತುತ್ತಿದ್ದ. ಅವಳ ಬ್ಯಾಗನ್ನು ತಾನೇ ಹೊತ್ತು ಬೀದಿಯ ತಿರುವಿನವರೆಗೆ ಬರುತ್ತಿದ್ದ.

“ಫೋನ್ ಬಂತಾ?” ಎಂದು ಅವಳು ದಿನಾ ಕೇಳುತ್ತಿದ್ದಳು.

“ಇಲ್ಲ ಟಿಕ್ಕು. ಬಂದ್ರೆ ಓಡಿಬಂದು ಹೇಳಲ್ವಾ?”

ನಾಲ್ಕನೆಯ ವಾರವೂ ಅರ್ಧ ಕಳೆದಾಗ ಅವಳು ಅರ್ಧ ದಿನ ರಜೆ ಹಾಕಿ, ತಾನೇ ಕೇಳಿ ಬರೋಣವೆಂದು ಆಸ್ಪತ್ರೆಗೆ ಹೋದಳು. ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ, ಹುಬ್ಬು ಗಂಟಿಕ್ಕಿದಳು.

“ನಿಮ್ಮದು ಕ್ಯಾನ್ಸಲ್ ಆಗಿದೆಯಲ್ಲ ಮೇಡಂ.”

“ಯಾರು ಮಾಡಿದ್ದು?”

“ನೀವೇ. ಅಂದ್ರೆ, ನಿಮ್ಮ ಕಡೆಯವ್ರೇ. ನಾಲ್ಕನೇ ತಾರೀಕು ಫೋನ್ ಮಾಡಿದ್ವಿ, ಸ್ವಲ್ಪ ಯೋಚನೆ ಮಾಡ್ತಿದಾರೆ ಅಂದ್ರು. ಹನ್ನೊಂದಕ್ಕೆ ಮತ್ತೆ ಮಾಡಿದ್ವಿ, ಮನಸ್ಸು ಬದಲಾಯಿಸಿದಾರೆ, ಈಗ ಬೇಡ ಅಂದ್ರು. ಬರೋ ಸೋಮವಾರದ ಡೇಟ್ ಇತ್ತು ನಿಮಗೆ. ಅದನ್ನ ಬೇರೆಯವರಿಗೆ ಕೊಟ್ಟಾಯ್ತು.”

“ಯಾರು ಮಾತಾಡಿದ್ದು?”

“ನಿಮ್ಮ ಯಜಮಾನ್ರು.”

“ನನಗೆ ಯಜಮಾನ್ರಿಲ್ಲ.”

ಹುಡುಗಿ ಗಾಬರಿಯಿಂದ ಮತ್ತೊಮ್ಮೆ ಪರದೆ ನೋಡಿದಳು. “ತಾವು ಯಾರು ಅಂತ ನಾನೇ ಕೇಳಿದ್ದು ಮೇಡಂ. ಗಂಡ ಅಂದ್ರು. ಈ ನಂಬರು ನೀವೇ ಕೊಟ್ಟಿದ್ದಲ್ವಾ?”

ನಂಬರು ಅವಳೇ ಕೊಟ್ಟದ್ದು. ಅವಳದೇ ಅಕ್ಷರ, ದುಂಡಗೆ, ಖುಷಿಯಲ್ಲಿ ಬರೆದದ್ದು. ಅವಳು ಕೌಂಟರಿನ ಅಂಚು ಹಿಡಿದುಕೊಂಡಳು. ಗಂಡ ಎನ್ನುವ ಮಾತು ಅವನ ಬಾಯಿಂದ ಬರಲಿ ಎಂದು ಎಷ್ಟು ಸಂಜೆ ಆಸೆಪಟ್ಟಿದ್ದಳೋ. ಅದು ಬಂದಿತ್ತು. ಅವಳ ಬೆನ್ನಿನ ಹಿಂದೆ, ಅವಳ ಹೆಸರನ್ನು ಹೊಡೆದುಹಾಕಿಸುವುದಕ್ಕೆ ಬಂದಿತ್ತು.

“ಮುಂದಿನ ಡೇಟ್ ಯಾವಾಗ?”

“ನಾಲ್ಕು ತಿಂಗಳಾಗುತ್ತೆ ಮೇಡಂ. ಬರ್ಕೊಳ್ಲಾ?”

“ಬರ್ಕೊಳ್ಳಿ. ಈ ನಂಬರು ತೆಗೆದುಹಾಕಿ.”

ಬಸ್ಸಿನಲ್ಲಿ ಕೂತು ಅವಳು ತಾರೀಕು ನೆನಪು ಮಾಡಿಕೊಂಡಳು. ನಾಲ್ಕನೇ ತಾರೀಕು ಸಂಜೆ ಅವನು ಹೆಬ್ಬೆರಳಿನಿಂದ ಭುಜ ಒತ್ತುತ್ತಾ ಏನೋ ಹಾಡು ಗುನುಗಿದ್ದ. ಹನ್ನೊಂದರಂದು ಅವಳಿಗೆ ಜೋಮು ಜಾಸ್ತಿಯಾಗಿ ಅವನೇ ಅವಳ ಬೆರಳುಗಳನ್ನು ಒಂದೊಂದಾಗಿ ತಿಕ್ಕಿ ಬಿಸಿ ಮಾಡಿದ್ದ. ‘ಬಂದ್ರೆ ಓಡಿಬಂದು ಹೇಳಲ್ವಾ’ ಎಂದದ್ದೂ ಅವತ್ತೇ. ಅವಳಿಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. ಬೇರೆ ಯಾರಾದರೂ ಮೋಸ ಮಾಡಿದ್ದರೆ ಓಡಿಹೋಗಿ ಅವನ ಹತ್ತಿರ ಹೇಳಿಕೊಳ್ಳಬಹುದಿತ್ತು. ಈಗ ಯಾರ ಹತ್ತಿರ ಓಡುವುದು?

ಕಾರ್ಖಾನೆಯಲ್ಲಿ ಯಂತ್ರದ ಗರಗಸ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿತ್ತು. ಅವಳು ನೇರ ಒಳಗೆ ಹೋಗಿ ಗೋಡೆಯ ಸ್ವಿಚ್ಚು ಒತ್ತಿದಳು. ಯಂತ್ರ ನಿಂತಿತು. ಅವನು ತಿರುಗಿ ನಕ್ಕ. ಎಡಗಣ್ಣು ಮೊದಲು ಮುಚ್ಚಿಕೊಂಡಿತು. ಅವಳ ಮುಖ ನೋಡಿ ಎರಡೂ ಕಣ್ಣು ತೆರೆದುಕೊಂಡವು.

“ನಾನು ಆಸ್ಪತ್ರೆಗೆ ಹೋಗಿದ್ದೆ.”

ಅವನು ಕೈಯಲ್ಲಿದ್ದ ಹಲಗೆಯನ್ನು ಬಹಳ ಜೋಪಾನವಾಗಿ ಕೆಳಗಿಟ್ಟ. ಹಲಗೆಗೆ ನೋವಾಗಬಾರದು ಎನ್ನುವಷ್ಟು ಜೋಪಾನ. ಅವಳಿಗೆ ಅದನ್ನು ನೋಡಿ ಸಿಟ್ಟು ನೆತ್ತಿಗೇರಿತು.

“ಎರಡು ಸಲ ಫೋನ್ ಬಂದಿತ್ತಂತೆ.”

“ಹೇಳೋಣ ಅಂತಾನೇ ಇದ್ದೆ.”

“ಯಾವಾಗ? ನನ್ನ ಬೆರಳು ಪೂರ್ತಿ ಸತ್ತ ಮೇಲಾ?”

“ಭಯ ಆಯ್ತು ಟಿಕ್ಕು. ಅಷ್ಟು ಹೊತ್ತು ಪ್ರಜ್ಞೆ ತಪ್ಪಿಸಿರ್ತಾರೆ, ಕೊಯ್ತಾರೆ. ನಿನಗೇನಾದ್ರೂ ಆದ್ರೆ ಅಂತ.”

ಅದು ಒಳ್ಳೆಯ ಉತ್ತರ. ಅವಳು ಒಂದು ಗಳಿಗೆ ಅದನ್ನು ನಂಬಿ ಅಲ್ಲೇ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವವಳಿದ್ದಳು. ಆದರೆ ವಾಚಿನವಳ ಕಿವಿ ಅದು. ಒಳಗೆ ಎಲ್ಲೋ ಒಂದು ಚಕ್ರದ ಹಲ್ಲು ಸರಿಯಾಗಿ ಕೂತಿಲ್ಲವೆಂದು ಅದಕ್ಕೆ ಕೇಳಿಸಿತು.

“ಅಷ್ಟೇನಾ?”

ಅವನು ಹಲಗೆಯ ಮೇಲಿನ ಪುಡಿಯನ್ನು ಕೈಯಿಂದ ಒರೆಸಿದ.

“ಅಷ್ಟೇನಾ ಅಂತ ಕೇಳ್ದೆ. ಒಂದು ಸಲನಾದ್ರೂ ನಿಜ ಹೇಳು.”

“ನನಗೆ,” ಎಂದು ಅವನು ನೆಲ ನೋಡಿದ. “ನನಗೆ ನೀನು ಹೀಗೇ ಇಷ್ಟ.”

“ಹೀಗೆ ಅಂದ್ರೆ?”

ಅವನ ಬಾಯಿ ಉತ್ತರ ಕೊಡಲಿಲ್ಲ. ಕಣ್ಣು ಕೊಟ್ಟಿತು. ಮೊದಲ ದಿನದಿಂದ ಅಷ್ಟು ಮರ್ಯಾದೆಯಿಂದ ಅವಳ ಮುಖದ ಮೇಲೇ ಇದ್ದ ಕಣ್ಣು ಒಂದೇ ಒಂದು ಕ್ಷಣ ಕೆಳಗಿಳಿದು, ಸಿಕ್ಕಿಬಿದ್ದ ಕಳ್ಳನ ಹಾಗೆ ಮೇಲೆ ಬಂತು. ಅವಳಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಇವನೂ ಎಲ್ಲರಂತೆಯೇ ಎಂದಲ್ಲ. ಆಸೆಪಡುವವನು ಆಸೆಪಡಲಿ, ಅದರಲ್ಲಿ ಅವಳಿಗೇನೂ ಬೇಸರವಿರಲಿಲ್ಲ, ಅವಳಿಗೂ ಅವನ ತೋಳು ಕಂಡರೆ ಆಸೆಯೇ. ತನ್ನ ಆಸೆಯನ್ನು ಅವಳ ನೋವಿನ ಎದುರಿಗಿಟ್ಟು ತೂಗಿ, ಯಾವುದು ದೊಡ್ಡದೆಂದು ಅವಳನ್ನು ಕೇಳದೆಯೇ ತೀರ್ಮಾನ ಮಾಡಿಬಿಟ್ಟಿದ್ದನಲ್ಲ. ಮಾಡಿ, ಮೇಲಿಂದ ಬಿಸಿನೀರಿನ ಚೀಲವನ್ನೂ ತುಂಬಿಸಿಕೊಟ್ಟಿದ್ದ.

“ಕುರ್ಚಿ ಮಾಡ್ಕೊಡೋಣ ಅಂತಿದ್ದೆ,” ಎಂದು ಅವನು ಅವಸರದಲ್ಲಿ ಒಂದು ಹಾಳೆ ತೆಗೆದ. “ನೋಡು, ಬೆನ್ನಿಗೆ ಇಲ್ಲಿ ಆಸರೆ, ತೋಳಿಗೆ ಇಲ್ಲಿ. ಮೂರು ಥರ ಬರೆದಿದೀನಿ. ಆಪರೇಷನ್ನೇ ಬೇಕಾಗಲ್ಲ.”

“ನನ್ನ ಬೆನ್ನಿಗೆ ಏನು ಬೇಕು ಅಂತ ನನ್ನ ಕೇಳ್ಬೇಕಿತ್ತು ಕಣೋ. ಇದನ್ನೂ ಮರಾನೇ ಕೇಳಿದ್ಯಾ?”

“ಟಿಕ್ಕು...”

“ಹಾಗೆ ಕರೀಬೇಡ.”

ಅವಳು ಹೊರಗೆ ಬಂದಳು. ಹಿಂದೆ ಯಂತ್ರ ಮತ್ತೆ ಶುರುವಾಗುತ್ತದೋ ಎಂದು ಕಿವಿಗೊಟ್ಟಳು. ಆಗಲಿಲ್ಲ.

ಆ ದಿನ ಮನೆಯಲ್ಲಿ ಅತ್ತಿಗೆ ಏನೂ ಕೇಳಲಿಲ್ಲ. ಅದೇ ದೊಡ್ಡ ಆಶ್ಚರ್ಯ. ಬಟ್ಟೆ ಮಡಿಸುತ್ತಾ ಪಕ್ಕದಲ್ಲಿ ಕೂತಳು, ಅಷ್ಟೆ. ಮೂರನೆಯ ಅಂಗಿ ಮಡಿಸುವ ಹೊತ್ತಿಗೆ ನಾದಿನಿಯೇ ತಾನಾಗಿ ಬಾಯಿ ಬಿಟ್ಟಳು. ಬೆನ್ನು, ಬೆರಳು, ಡಾಕ್ಟರಮ್ಮ, ಫಾರಂ, ಫೋನು, ಎಲ್ಲ.

“ಅಯ್ಯೋ ನಿನ್ನ!” ಎಂದಳು ಅತ್ತಿಗೆ. “ಒಂದೇ ಮನೇಲಿ ಹನ್ನೊಂದು ವರ್ಷದಿಂದ ಇದೀನಿ. ನನ್ನ ಹತ್ರ ಮುಚ್ಚಿಟ್ಟು ಆ ಮರ ಕುಟ್ಟೋನ ಹತ್ರ ಹೇಳಿದ್ಯಲ್ಲೇ!”

“ನೀವು ಬೀದಿಗೆಲ್ಲ ಹೇಳ್ತೀರ ಅಂತ.”

“ಗುಳ್ಳೆ ವಿಷಯ ಹೇಳ್ತೀನಿ ಕಣೆ. ಇಂಥದ್ದನ್ನ ಹೇಳ್ತೀನಾ?” ಅತ್ತಿಗೆಯ ಕಣ್ಣಲ್ಲಿ ನೀರು ಬಂತು, ಆಮೇಲೆ ಸಿಟ್ಟು ಬಂತು. “ಗಂಡ ಅಂದ್ನಂತಾ? ಹಾಗಂತ ಬಾಯಿ ಬಿಟ್ಟು ಹೇಳೋಕೆ ಅವನಿಗೆ ಆಸ್ಪತ್ರೆ ಫೋನೇ ಬೇಕಿತ್ತಾ?”

ಅತ್ತಿಗೆ ಮಾತಿಗೆ ತಪ್ಪಲಿಲ್ಲ. ಅಣ್ಣನಿಗೆ “ಬೆನ್ನಿನ ಆಪರೇಷನ್ನು” ಎಂದಷ್ಟೇ ಹೇಳಿದಳು. ಎಲ್ಲಿ ಕೊಯ್ಯುತ್ತಾರೆ ಎಂದು ಅವನು ಕೇಳಿದ್ದಕ್ಕೆ, “ನೀವೇನು ಡಾಕ್ಟ್ರಾ?” ಎಂದು ಬಾಯಿ ಮುಚ್ಚಿಸಿದಳು.

ಆ ನಾಲ್ಕು ತಿಂಗಳು ಉದ್ದವಾಗಿದ್ದವು. ಬೆನ್ನಿನ ಮೊಳೆ ಅಲ್ಲೇ ಇತ್ತು. ಸೂಕ್ಷ್ಮ ಕೆಲಸದ ವಾಚುಗಳನ್ನು ಅವಳು ವಾಪಸು ಕಳಿಸಬೇಕಾಯಿತು. ಹನ್ನೆರಡು ವರ್ಷದಲ್ಲಿ ಒಂದನ್ನೂ ಹಾಗೆ ಕಳಿಸಿರಲಿಲ್ಲ. ಒಂದೊಂದು ವಾಪಸು ಹೋದಾಗಲೂ ಅವನ ಮೇಲಿನ ಸಿಟ್ಟು ಹೊಸದಾಗುತ್ತಿತ್ತು. ಅವನು ಕೊಟ್ಟ ಮೇಜನ್ನು ಬಿಸಾಡಬೇಕೆಂದು ಎಷ್ಟೋ ಸಲ ಅನಿಸಿತು. ಮೇಜು ಚೆನ್ನಾಗಿತ್ತು, ಬಿಸಾಡಲಿಲ್ಲ. ಅದರ ಮುಂದೆ ಕೂತು ಅವನನ್ನೇ ಬೈಯುತ್ತಿದ್ದಳು, ಬೈಯುತ್ತಾ ಅವನನ್ನೇ ನೆನೆಯುತ್ತಿದ್ದಳು. ಅವನು ದಿನಾ ಅಂಗಡಿಯ ಎದುರು ಬಂದು ನಿಲ್ಲುತ್ತಿದ್ದ. ಅತ್ತಿಗೆ ಕೌಂಟರಿನಿಂದ ಕಣ್ಣಲ್ಲೇ ಅವನನ್ನು ಸುಟ್ಟು ವಾಪಸು ಕಳಿಸುತ್ತಿದ್ದಳು.

ಆಪರೇಷನ್ ದಿನ ಬೆಳಿಗ್ಗೆ, ಹಸಿರು ಅಂಗಿ ಹಾಕಿಕೊಂಡು ಮಲಗಿದ್ದವಳ ಹತ್ತಿರ ಅತ್ತಿಗೆ ಬಂದಳು. “ಕೆಳಗೆ ಗೇಟಿನ ಹತ್ರ ಒಬ್ಬ ಕಂಬದ ಹಾಗೆ ನಿಂತಿದಾನೆ, ನಮ್ಮ ಹಿಂದೇನೇ ಬಂದಿರ್ಬೇಕು. ಓಡಿಸ್ಲಾ?”

ಅವಳು ಚಾವಣಿ ನೋಡಿದಳು.

“ನಿಂತ್ಕೊಳ್ಲಿ. ಮೇಲೆ ಮಾತ್ರ ಬೇಡ.”

“ಅಳ್ತಿದಾನೆ.”

“ಅಳಲಿ ಅತ್ತಿಗೆ. ನಾನೂ ಅತ್ತಿದೀನಿ.”

ಏನೂ ಆಗಲಿಲ್ಲ. ಸುಸೂತ್ರವಾಗಿ ಮುಗಿಯಿತು. ನೋವಿತ್ತು, ಹೊಲಿಗೆ ಇತ್ತು, ಜ್ವರ ಎರಡು ದಿನ ಬಂದುಹೋಯಿತು. ಮೊದಲ ಸಲ ಎದ್ದು ನಿಂತಾಗ ಅವಳು ಹಿಂದಕ್ಕೆ ವಾಲಿಬಿಟ್ಟಳು. ಇಷ್ಟು ವರ್ಷ ಮುಂದಕ್ಕೆಳೆಯುತ್ತಿದ್ದುದು ಇದ್ದಕ್ಕಿದ್ದಂತೆ ಎಳೆಯುವುದನ್ನು ಬಿಟ್ಟಿತ್ತು. ನರ್ಸು ಹಿಡಿದುಕೊಂಡು ನಕ್ಕಳು. ಅವಳೂ ನಕ್ಕಳು. ನಕ್ಕರೆ ಹೊಲಿಗೆ ನೋಯಿತು.

ಏಳು ವಾರದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಕೊನೆಯ ತಪಾಸಣೆ ಮುಗಿಸಿ ಹೊರಗೆ ಬಂದಾಗ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅವನು ಕೂತಿದ್ದ. ಅವಳನ್ನು ಕಂಡು ಎದ್ದ. ಅವಳ ಹಣೆಯನ್ನೇ ನೋಡುತ್ತಾ ನಿಂತ. ಕಣ್ಣು ಒಂದೆಳೆ ಕೆಳಗಿಳಿದರೆ ಪ್ರಾಣ ಹೋಗುತ್ತದೆ ಎನ್ನುವ ಹಾಗೆ ನಿಂತಿದ್ದ. ಅವಳಿಗೆ ಬೇಡವೆಂದರೂ ನಗು ಬಂತು.

“ನೋಡ್ಬಹುದು ಬಿಡು. ಹಣೆ ಮೊದಲಿದ್ದ ಹಾಗೇ ಇದೆ.”

ಅವನು ನೋಡಲಿಲ್ಲ. “ಬೆನ್ನು?”

“ನೋಯಲ್ಲ.”

“ಒಂಚೂರೂ?”

“ಒಂಚೂರೂ ಇಲ್ಲ. ಬೆರಳೂ ಸರಿಹೋಗ್ತಿದೆ.”

ಅವನ ಮುಖ ಬೆಳಗಿತು. ಆಮೇಲೆ, ಹಾಗಾದರೆ ತಾನು ಕಸಿದದ್ದು ಇದನ್ನೇ ಎಂದು ನೆನಪಾಗಿ ಬಾಡಿತು. ಇಬ್ಬರೂ ಬೆಂಚಿನ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಕೂತರು.

“ಗಂಡ ಅಂತ ಯಾಕೆ ಹೇಳ್ದೆ?” ಎಂದಳು ಅವಳು.

“ಅವ್ರು ಯಾರು ಅಂತ ಕೇಳಿದ್ರು. ಬಾಯಿಗೆ ಅದೇ ಬಂತು. ಹೇಳಿದ ಮೇಲೆ ಫೋನ್ ಇಟ್ಟು ತುಂಬಾ ಹೊತ್ತು ಹಾಗೇ ಕೂತಿದ್ದೆ. ಖುಷೀನೂ ಆಯ್ತು, ನಾಚಿಕೆನೂ ಆಯ್ತು.”

“ನನ್ನ ಹತ್ರ ಹೇಳಿದ್ರೆ ನಾನು ಹೂಂ ಅಂತಿದ್ದೆ.”

ಅವನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಆಪರೇಷನ್ ಬೇಡ ಅಂತ ಮುಖಕ್ಕೆ ಹೇಳಿದ್ರೂ ನಡೀತಿತ್ತು,” ಎಂದಳು ಅವಳು. “ಜಗಳ ಆಡ್ತಿದ್ದೆ. ಎರಡು ದಿನ ಮಾತು ಬಿಡ್ತಿದ್ದೆ. ಆಮೇಲೆ ನಿನ್ನನ್ನೇ ಕೈ ಹಿಡಿದು ಎಳ್ಕೊಂಡು ಆಸ್ಪತ್ರೆಗೆ ಹೋಗ್ತಿದ್ದೆ. ನೀನು ನನಗೆ ಜಗಳ ಆಡೋಕೂ ಬಿಡಲಿಲ್ಲ.”

“ತಪ್ಪಾಯ್ತು.”

“ಗೊತ್ತು.”

ಒಂದು ಬಸ್ಸು ಬಂತು. ಅವಳದ್ದೇ. ಅವಳು ಏಳಲಿಲ್ಲ. ಬಸ್ಸು ಹೋಯಿತು. ಅವನು ಅದನ್ನು ಕಂಡು ಸ್ವಲ್ಪ ಧೈರ್ಯ ತಂದುಕೊಂಡ.

“ಈಗ ಕೇಳಿದ್ರೆ?”

“ಕೇಳ್ಬೇಡ.”

“ಯಾಕೆ?”

“ಹೂಂ ಅಂದ್ಬಿಡ್ತೀನಿ ಅಂತ ಭಯ.” ಅವಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. “ಅಂದ್ರೆ ಆಮೇಲೆ? ನೀನು ಇಲ್ಲ ಅಂದಾಗೆಲ್ಲ, ನಿಜವಾಗ್ಲೂ ಇಲ್ವಾ ಅಂತ ನಾನು ನಿನ್ನ ಮುಖ ನೋಡ್ತಾ ಕೂರ್ತೀನಿ. ನೀನು ಭುಜ ಒತ್ತಿದಾಗೆಲ್ಲ, ಇವತ್ತು ಏನು ಮುಚ್ಚಿಟ್ಟಿದಾನೋ ಅಂತ ಯೋಚನೆ ಮಾಡ್ತೀನಿ. ನಿನ್ನನ್ನ ಹಾಗೆ ನೋಡೋಕೆ ನನಗಿಷ್ಟ ಇಲ್ಲ ಕಣೋ.”

“ನಾನು ಕಾಯ್ತೀನಿ.”

“ಬೇಡ. ನೀನು ಕಾಯ್ತಾ ಕೂತ್ರೆ ನಾನು ಬೇಗ ಬೇಗ ಕ್ಷಮಿಸಬೇಕು ಅನ್ಸುತ್ತೆ.”

ಅವನ ಹುಬ್ಬಿನ ಮೇಲೆ ಮರದ ಪುಡಿ ಇತ್ತು. ಅವಳ ತುಟಿ ತಾನಾಗಿ ಊದುವುದಕ್ಕೆ ದುಂಡಗಾಯಿತು. ಅವಳು ತುಟಿ ಕಚ್ಚಿಕೊಂಡಳು. ಇನ್ನೊಂದು ಬಸ್ಸು ಬಂತು. ಈ ಸಲ ಎದ್ದಳು. ಹತ್ತುವಾಗ ಅವನು ಅಭ್ಯಾಸಬಲದಿಂದ ಅವಳ ಬ್ಯಾಗಿಗೆ ಕೈ ಚಾಚಿದ.

“ನಾನೇ ಹೊತ್ಕೋತೀನಿ,” ಎಂದಳು ಅವಳು ಮೆಲ್ಲಗೆ. “ಈಗ ಆಗುತ್ತೆ.”

ಮನೆಗೆ ಬಂದಾಗ ಮಧ್ಯಾಹ್ನ. ಅಣ್ಣ ಪೇಪರಿನ ಕೆಳಗೆ ನಿದ್ದೆ ಹೋಗಿದ್ದ. ಅತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಗಳ ಜೊತೆ ಮಾತಾಡುತ್ತಿದ್ದಳು. ಅವಳು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇನ್ನು ಹೇಗೆ ಬೇಕಾದರೂ ಮಲಗಬಹುದು ಎಂದು ಡಾಕ್ಟರಮ್ಮ ಬೆಳಿಗ್ಗೆಯಷ್ಟೇ ಹೇಳಿದ್ದರು. ಹಾಸಿಗೆಯ ಮೇಲೆ ಮೊಣಕಾಲೂರಿ, ಅಂಗೈ ಊರಿ, ಇನ್ನೂ ನಂಬಿಕೆ ಬಾರದವಳ ಹಾಗೆ ನಿಧಾನವಾಗಿ, ಅವಳು ಬೋರಲು ಮಲಗಿದಳು.

ಹದಿನೆಂಟು ವರ್ಷದ ಮೇಲೆ ಮೊದಲ ಸಲ. ಕೆನ್ನೆಗೆ ದಿಂಬು ತಣ್ಣಗೆ ತಗುಲಿತು. ಹೊಟ್ಟೆ ಹಾಸಿಗೆಗೆ ಒತ್ತಿತು. ಯಾವುದೂ ಅಡ್ಡ ಬರಲಿಲ್ಲ, ಯಾವುದೂ ಎಳೆಯಲಿಲ್ಲ. ಬೆನ್ನು ಎಲ್ಲಿದೆ ಎಂದು ಹುಡುಕಬೇಕಾಯಿತು, ಅಷ್ಟು ಹಗುರ. ಅವಳು ಪುಟ್ಟ ಹುಡುಗಿಯ ಹಾಗೆ ಕಾಲು ಮಡಚಿ ಮೇಲೆ ಆಡಿಸಿದಳು. ದಿಂಬಿನೊಳಗೆ ನಕ್ಕಳು.

ಇದನ್ನು ಯಾರಿಗಾದರೂ ಈಗಲೇ ಹೇಳಬೇಕು ಎನಿಸಿತು. ಅತ್ತಿಗೆಯನ್ನು ಕೂಗಿದ್ದರೆ ಓಡಿಬರುತ್ತಿದ್ದಳು, ಕುಣಿದೇಬಿಡುತ್ತಿದ್ದಳು. ಆದರೆ ಅವಳಿಗೆ ಹೇಳಬೇಕೆನಿಸಿದ್ದು ಅತ್ತಿಗೆಗಲ್ಲ. ಇಡೀ ಊರಿನಲ್ಲಿ ಒಬ್ಬನಿಗೆ. ಅವನೊಬ್ಬನಿಗೇ ಹೇಳುವ ಹಾಗಿರಲಿಲ್ಲ.

ಅವಳು ದಿಂಬಿಗೆ ಮುಖ ಒತ್ತಿ ಅತ್ತಳು. ಪೂರ್ತಿ ಮೈ ಅಲುಗುವ ಹಾಗೆ, ಸಂಜೆಯ ಬಿಸಿಲು ಗೋಡೆಯಿಂದ ಇಳಿದುಹೋಗುವವರೆಗೂ ಅತ್ತಳು. ಎಷ್ಟು ಅತ್ತರೂ ಬೆನ್ನು ಮಾತ್ರ ನೋಯಲಿಲ್ಲ.